ಪುನರ್ಪುಳಿಯ ಅಮಲು

ಮಂಗಳೂರಿನ ಫ್ಲಾವಿಯಾ ಬಾಯಿಯವರ ಶೋಕೇಸಿನಲ್ಲಿ ಉದ್ದ ಕಾಲಿನ ವೈನ್ ಗ್ಲಾಸೊಂದು ವಾಸವಾಗಿತ್ತು. ಅದನ್ನು ಕೆಳಗಿಳಿಸುತ್ತಿದ್ದುದು ಕ್ರಿಸ್ಮಸ್ಸಿಗೆ ಮಾತ್ರ. ಈ ಸಲ ಬಾಯಿ, ಮದ್ಯದ ಸಹವಾಸವೇ ಬೇಡವೆಂದು, ಪುನರ್ಪುಳಿ ಎಂಬ ಹುಳಿಹಣ್ಣಿನ ಒಣಸಿಪ್ಪೆ ನೆನೆಸಿದ ಕೆಂಪು ನೀರಿಗೆ ಬೆಲ್ಲ, ಶುಂಠಿ, ಕಿತ್ತಳೆ ಹೋಳು ಹಾಕಿ ಬೋಗುಣಿ ತುಂಬ ಪಂಚ್ ಮಾಡಿದರು.

ಕೆಂಪು ಬಣ್ಣ ಹೊಟ್ಟೆಗಿಳಿದದ್ದೇ ತಡ, ಗ್ಲಾಸು ಓಲಾಡತೊಡಗಿತು. "ಏ ಸ್ಟೀಲ್ ಲೋಟವೇ, ದಿನಾ ಗಂಜಿತಿಳಿ ಹೊರುವ ನಿನಗೆ ಈ ಪಂಕ್ತಿಯಲ್ಲಿ ಏನು ಕೆಲಸ?" ಎಂದಿತು. ಬೋಗುಣಿಯತ್ತ ತಿರುಗಿ, "ನಿನ್ನ ಹೊಟ್ಟೆ ನೋಡಿದರೆ ಹಬ್ಬದೂಟ ನೆಂಟರಿಗೆ ಉಳಿದಂತಿಲ್ಲ" ಎಂದಿತು. ಸೌಟಿಗಂತೂ, "ಎಲ್ಲರ ಪಾತ್ರೆಯಲ್ಲೂ ಮೂಗು ತೂರಿಸುವವಳು" ಎಂಬ ಬಿರುದನ್ನೇ ದಯಪಾಲಿಸಿತು. ಹಬ್ಬದ ದಿನ ಜಗಳ ಯಾಕೆಂದು ಎಲ್ಲರೂ ನುಂಗಿಕೊಂಡರು.

ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಎಲ್ಲರೂ ಸೇರಿದಾಗ ಗ್ಲಾಸು ಬಲು ವಿನಯದಿಂದ ಹೇಳಿತು: "ನಿನ್ನೆ ಏನೇನು ಅಂದೆನೋ, ಒಂದೂ ನೆನಪಿಲ್ಲ. ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಾತಾಡಿದ್ದು ನಾನಲ್ಲ, ನನ್ನೊಳಗಿದ್ದ ವೈನು."

"ಅಯ್ಯೋ ಪಾಪ," ಎಂದಿತು ಲೋಟ. "ನಿನ್ನೊಳಗಿದ್ದದ್ದು ಬರೀ ಪುನರ್ಪುಳಿ. ನನಗೂ ಅದೇ ಬೋಗುಣಿಯಿಂದಲೇ ಹೊಯ್ದರು. ಪಿತ್ತ ನೆತ್ತಿಗೇರಿದವರಿಗೆ ಅದನ್ನು ಇಳಿಸಲೆಂದೇ ಕುಡಿಸುತ್ತಾರೆ."

ಗ್ಲಾಸಿಗೆ ಆಗ ಮೊದಲ ಸಲ ನಿಜವಾಗಿಯೂ ತಲೆ ತಿರುಗಿತು.