ಬಾಡಿಗೆ ಎತ್ತು

ದಾವಣಗೆರೆಯ ಹಳೇ ಪೇಟೆಯಲ್ಲಿ, ಒಂದು ಪುಸ್ತಕದಂಗಡಿಯ ಮಹಡಿಯ ಮೇಲೆ, ದಾಕ್ಷಾಯಿಣಿ ಎಂಬಾಕೆ ಪುಟ್ಟ ಜಾಹೀರಾತು ಏಜೆನ್ಸಿ ನಡೆಸುತ್ತಿದ್ದಳು. ಎರಡು ಕೋಣೆ, ಮೂರು ಜನ. ಮಾತು ಬರೆಯುವವಳು ಅವಳೇ. ವಿಡಿಯೋ ತೆಗೆಯುವವನು ಇಮ್ತಿಯಾಜ್. ಉಳಿದದ್ದೆಲ್ಲ ನೋಡಿಕೊಳ್ಳುವವಳು ಸುಕನ್ಯಾ. ಬೇಕರಿ, ಬಟ್ಟೆ ಅಂಗಡಿ, ಹೊಲಿಗೆ ತರಗತಿ, ಹೀಗೆ ಊರಿನ ಸಣ್ಣ ವ್ಯಾಪಾರಗಳು ಸೋಷಿಯಲ್ ಮೀಡಿಯಾದಲ್ಲಿ ಜನರ ಕಣ್ಣಿಗೆ ಬೀಳುವಂತೆ ಮಾಡುವುದು ಅವರ ಕೆಲಸ.

ಒಂದು ದಿನ ಗಾಣದ ಚನ್ನವೀರಪ್ಪ ಬಂದರು. ಊರ ಹೊರಗೆ ಅವರದು ಶೇಂಗಾ ಎಣ್ಣೆಯ ಗಾಣ. ಗಾಣ ಮರದ್ದೇ, ಆದರೆ ತಿರುಗಿಸುವುದು ಮೋಟಾರು. ಎಣ್ಣೆ ಚೊಕ್ಕ, ಕಲಬೆರಕೆ ಇಲ್ಲ.

"ಎಣ್ಣೆ ಚೆನ್ನಾಗೈತಿ ತಂಗಿ, ಆದ್ರೆ ಕೇಳೋರಿಲ್ಲ. ಏನಾದ್ರೂ ಮಾಡು" ಅಂದರು.

ದಾಕ್ಷಾಯಿಣಿ ಹೋಗಿ ನೋಡಿದಳು. ಹಿತ್ತಲಲ್ಲಿ ಚನ್ನವೀರಪ್ಪನವರ ಅಜ್ಜನ ಕಾಲದ ಹಳೇ ಗಾಣ ಒಂದು ಕೆಲಸವಿಲ್ಲದೆ ನಿಂತಿತ್ತು. ಅದನ್ನು ಕಂಡದ್ದೇ ತಡ, ಅವಳಿಗೆ ಒಂದು ಉಪಾಯ ಹೊಳೆಯಿತು. ಪಕ್ಕದ ಹಳ್ಳಿಯಿಂದ ಒಂದು ಬಿಳಿ ಎತ್ತನ್ನು ಬಾಡಿಗೆಗೆ ತರಿಸಿದಳು. ಅದಕ್ಕೆ ಗೆಜ್ಜೆ ಕಟ್ಟಿಸಿ, ಹಳೇ ಗಾಣಕ್ಕೆ ಹೂಡಿಸಿದಳು.

"ಇದು ಸರಿ ಹೋಗುತ್ತಾ ತಂಗಿ?" ಚನ್ನವೀರಪ್ಪ ಹಿಂದೆಮುಂದೆ ನೋಡಿದರು.

"ಎಣ್ಣೆ ಒಳ್ಳೇದೇ ಅಲ್ವಾ? ಎತ್ತು ಬರೀ ಅಲಂಕಾರ. ಯಾರಿಗೇನು ನಷ್ಟ?" ಎಂದಳು ದಾಕ್ಷಾಯಿಣಿ.

'ಅಜ್ಜನ ಕಾಲದ ಎತ್ತಿನ ಗಾಣ, ಇಂದಿಗೂ ನಿಂತಿಲ್ಲ' ಎಂದು ಬರೆದು ವಿಡಿಯೋ ಹಾಕಿದರು. ಅದು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹುಬ್ಬಳ್ಳಿ, ಮೈಸೂರು, ಮಂಗಳೂರಿನಿಂದ ಎಣ್ಣೆ ಕೇಳಿ ಫೋನು ಬಂತು. ಚನ್ನವೀರಪ್ಪ ಪೇಡೆಯ ಡಬ್ಬಿ ಹಿಡಿದು ಮಹಡಿ ಹತ್ತಿದರು. ಹೊಸ ಗಿರಾಕಿಗಳು ಬಂದು, "ನಮಗೂ ಆ ಎತ್ತಿನಂಥದ್ದು ಏನಾದ್ರೂ ಮಾಡಿಕೊಡಿ" ಅನ್ನತೊಡಗಿದರು. ದಾಕ್ಷಾಯಿಣಿಗೆ ಹೆಮ್ಮೆಯಾಯಿತು. ಸುಳ್ಳು ಹೇಳಿದ್ದೇನೆಂದು ಅವಳಿಗೆ ಅನಿಸಲೇ ಇಲ್ಲ.

ತಿಂಗಳೊಪ್ಪತ್ತಿನಲ್ಲಿ ಹರಿಹರದ ಕಡೆಯ ಒಂದು ಶಾಲೆಯಿಂದ ತಿಪ್ಪೇಸ್ವಾಮಿ ಮೇಷ್ಟ್ರು ವಿಡಿಯೋದಲ್ಲಿದ್ದ ಏಜೆನ್ಸಿಯ ನಂಬರಿಗೆ ಫೋನು ಮಾಡಿದರು. "ನಮ್ಮ ಐದನೇ ಕ್ಲಾಸಿನ ಮಕ್ಕಳು ನಿಮ್ಮ ಎತ್ತಿನ ಗಾಣ ನೋಡಬೇಕಂತ ಹಟ ಹಿಡಿದಾವಮ್ಮ. ವೀಣಾ ಅಂತ ಒಬ್ಬ ಹುಡುಗಿ ಆ ಎತ್ತಿನ ಚಿತ್ರ ಬರೆದು ಗೋಡೆಗೆ ಅಂಟಿಸಿದಾಳೆ. ಬರೋ ಶನಿವಾರ ಕರೆದುಕೊಂಡು ಬರಲಾ?"

ದಾಕ್ಷಾಯಿಣಿ, "ಕೇಳಿ ಹೇಳ್ತೀನಿ ಸರ್" ಎಂದು ಫೋನಿಟ್ಟಳು.

ಚನ್ನವೀರಪ್ಪನವರಿಗೆ ಇದೊಂದು ಸಮಸ್ಯೆಯಾಗಿಯೇ ಕಾಣಲಿಲ್ಲ. "ಅದಕ್ಯಾಕೆ ಚಿಂತೆ? ಶನಿವಾರ ಒಂದಿನ ಆ ಎತ್ತನ್ನೇ ಮತ್ತೆ ತರಿಸು. ಮಕ್ಕಳು ನೋಡಿ ಹೋಗ್ತಾವೆ, ಮುಗೀತು."

ಸುಲಭದ ದಾರಿ ಅದು. ಒಂದು ಫೋನು ಮಾಡಿದರೆ ಎತ್ತು ಬರುತ್ತಿತ್ತು. ಆದರೆ ದಾಕ್ಷಾಯಿಣಿ ಬೇರೆಯೇ ಯೋಚಿಸುತ್ತಿದ್ದಳು. ಮೊದಲ ಸಲ ಸುಳ್ಳು ಹೇಳಿದ್ದು ಮುಖ ಕಾಣದ ಜನರಿಗೆ. ಈಗ ಹೇಳಬೇಕಾದದ್ದು ಎದುರು ನಿಂತ ಮಕ್ಕಳಿಗೆ. ಇವರಾದ ಮೇಲೆ ಇನ್ನೊಂದು ಶಾಲೆ ಬರುತ್ತದೆ. ಆಗಲೂ ಎತ್ತು ತರಿಸಬೇಕು. ಒಂದು ಸುಳ್ಳಿಗೆ ದಿನಾ ಮೇವು ಹಾಕುತ್ತಲೇ ಇರಬೇಕು.

"ಇಲ್ಲ ಅಣ್ಣಾರೆ. ಎತ್ತು ಬೇಡ. ನಿಜ ಹೇಳೋಣ" ಎಂದಳು.

ಚನ್ನವೀರಪ್ಪ ಕೆಂಡವಾದರು. "ನಾನು ಕೇಳಿದ್ನೇನು ಎತ್ತು ತಾ ಅಂತ? ನೀನೇ ತಂದೆ. ಈಗ ವ್ಯಾಪಾರ ಕುದುರಿದ ಮೇಲೆ ನನ್ನ ಮರ್ಯಾದೆ ಬೀದಿಗೆ ತರ್ತೀಯಾ?"

"ನೀವು ಹೇಳೋದು ಸರಿ. ಎತ್ತು ತಂದದ್ದು ನಾನು. ಅದಕ್ಕೇ ಹೇಳೋದೂ ನಾನೇ. ನಿಮ್ಮ ಮೇಲೆ ಒಂದು ಮಾತು ಬರದ ಹಾಗೆ ಹೇಳ್ತೀನಿ. ಆದ್ರೆ ಹೇಳೇ ಹೇಳ್ತೀನಿ."

"ಹಾಗಾದ್ರೆ ನಮಗೂ ನಿಮಗೂ ಇಲ್ಲಿಗೆ ಮುಗೀತು. ಮಕ್ಕಳು ಬಂದ್ರೆ ಬರಲಿ. ನಾನು ಮಾತ್ರ ಎದುರಿಗೆ ಬರೋದಿಲ್ಲ" ಎಂದು ಅವರು ಎದ್ದು ಹೋದರು.

ದಾಕ್ಷಾಯಿಣಿ ಮೊದಲು ಮೇಷ್ಟ್ರಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಅವರು, "ಚಿತ್ರ ಬರೆದ ಹುಡುಗಿಗೆ ನಾನು ಏನು ಹೇಳಲಮ್ಮ?" ಅಂದರು.

"ನೀವು ಹೇಳಬೇಡಿ ಸರ್. ಕರೆದುಕೊಂಡು ಬನ್ನಿ. ನಾನೇ ಹೇಳ್ತೀನಿ."

ಬಳಿಕ ಅವಳು ಕ್ಯಾಮೆರಾದ ಮುಂದೆ ಕೂತಳು. ಇಮ್ತಿಯಾಜ್ ಕೇಳಿದ, "ಅಕ್ಕಾ, ಇನ್ನೊಮ್ಮೆ ಯೋಚಿಸಿ. ಆ ವಿಡಿಯೋ ಸುಮ್ಮನೆ ಅಳಿಸಿಬಿಟ್ರೆ ಸಾಲದಾ?"

"ಅಳಿಸಿದ್ರೆ ನೋಡಿದವರ ತಲೆಯಿಂದ ಹೋಗುತ್ತಾ? ಚಾಲೂ ಮಾಡು."

ಅವಳು ಹೇಳಿದ್ದು ನಾಲ್ಕೇ ಮಾತು. 'ಎತ್ತಿನ ಗಾಣದ ವಿಡಿಯೋ ಮಾಡಿದ್ದು ನಾನು. ಎತ್ತು ಬಾಡಿಗೆಯದು. ಗಾಣ ತಿರುಗಿಸುವುದು ಮೋಟಾರು, ಎಣ್ಣೆ ಮಾತ್ರ ಚೊಕ್ಕ. ಸುಳ್ಳು ಹೇಳಿದ್ದು ಗಾಣದವರಲ್ಲ, ನಾನು, ಕ್ಷಮಿಸಿ.'

ಆ ವಿಡಿಯೋ ಹಾಕಿದ ಕೂಡಲೇ ಬೈಗುಳದ ಮಳೆಯೇ ಸುರಿಯಿತು. 'ಮೋಸಗಾರ್ತಿ' ಅಂದರು. 'ಇದೂ ಒಂದು ನಾಟಕ' ಅಂದರು. ಇಬ್ಬರು ಗಿರಾಕಿಗಳು ಕೆಲಸ ವಾಪಸು ಪಡೆದರು. ಸುಕನ್ಯಾ ಫೋನು ಎತ್ತೀ ಎತ್ತೀ ಸೋತು ಅತ್ತುಬಿಟ್ಟಳು. ದಾಕ್ಷಾಯಿಣಿಗೂ ಅಳು ಬಂತು. ಆದರೆ ಕ್ಷಮೆ ಕೇಳಿದ ಆ ವಿಡಿಯೋವನ್ನು ಅವಳು ತೆಗೆಯಲಿಲ್ಲ.

ಶನಿವಾರ ಮಕ್ಕಳು ಗಾಣದ ಬಳಿ ಬಂದರು. ಬಸ್ಸು ಇಳಿದವರೇ, "ಎತ್ತು ಎಲ್ಲಿ? ಎತ್ತು ಎಲ್ಲಿ?" ಎಂದು ಗಲಾಟೆ ಮಾಡಿದರು. ದಾಕ್ಷಾಯಿಣಿ ಅವರ ಮುಂದೆ ನಿಂತು ಹೇಳಿದಳು, "ಎತ್ತು ಇಲ್ಲ ಮಕ್ಕಳೇ. ವಿಡಿಯೋಕ್ಕೆ ಅಂತ ಒಂದಿನ ತಂದಿದ್ದೆ."

ಎರಡು ಜಡೆಯ ಹುಡುಗಿಯೊಬ್ಬಳು ಮುಂದೆ ಬಂದಳು. ಅವಳೇ ವೀಣಾ. "ಅಂದ್ರೆ ನೀವು ಸುಳ್ಳು ಹೇಳಿದ್ರಾ ಮಿಸ್?"

ಎಷ್ಟೋ ಸಾವಿರ ಜನರ ಬೈಗುಳಕ್ಕಿಂತ ಈ ಒಂದು ಪ್ರಶ್ನೆ ಗಟ್ಟಿಯಾಗಿ ತಟ್ಟಿತು. "ಹೌದಮ್ಮ. ಹೇಳಿದೆ" ಎಂದಳು.

ಹುಡುಗಿ ಸ್ವಲ್ಪ ಯೋಚಿಸಿದಳು. "ಇನ್ಮೇಲೆ ಹೇಳಬೇಡಿ" ಅಂದಳು. ಆಮೇಲೆ, "ಮತ್ತೆ ಇಲ್ಲಿ ನಿಜವಾಗ್ಲೂ ಏನೈತಿ?" ಎಂದು ಕೇಳಿದಳು.

ದಾಕ್ಷಾಯಿಣಿ ಅವರನ್ನು ಒಳಗೆ ಕರೆದುಕೊಂಡು ಹೋದಳು. ಅಲ್ಲಿ ಹನುಮಕ್ಕ ಎಂಬ ಹೆಂಗಸು ಮೊರದಲ್ಲಿ ಶೇಂಗಾ ಆರಿಸುತ್ತ ಕೂತಿದ್ದಳು. ಹದಿನೆಂಟು ವರ್ಷದಿಂದ ಅದೇ ಅವಳ ಕೆಲಸ. ಮಕ್ಕಳು ಸುತ್ತ ಮುತ್ತಿದರು.

"ಇದನ್ನ ಯಾಕೆ ಬಿಸಾಡ್ತೀರಿ ಅಜ್ಜಿ? ಚೆನ್ನಾಗೇ ಐತಲ್ಲ?"

"ಮೂಸಿ ನೋಡು ಮಗಾ" ಎಂದು ಹನುಮಕ್ಕ ಒಂದು ಕಾಳು ಮುರಿದು ಕೊಟ್ಟಳು. "ಒಳಗೆ ಬೂಸ್ಟು ಹಿಡಿದೈತಿ. ಇಂಥವು ಗಾಣಕ್ಕೆ ಬಿದ್ರೆ ಎಣ್ಣೆ ಕೆಡ್ತೈತಿ, ತಿಂದೋರ ಹೊಟ್ಟೆನೂ ಕೆಡ್ತೈತಿ. ನನ್ನ ಕೈ ದಾಟದೆ ಒಂದು ಕಾಳೂ ಗಾಣಕ್ಕೆ ಹೋಗಂಗಿಲ್ಲ."

ಮಕ್ಕಳು ತಾವೂ ಆರಿಸುತ್ತೇವೆಂದು ಮೊರಕ್ಕೆ ಕೈ ಹಾಕಿದರು. ಅವರು ಒಳ್ಳೆಯದೆಂದು ಆರಿಸಿದ್ದರಲ್ಲಿ ಹನುಮಕ್ಕ ಕೆಟ್ಟ ಕಾಳು ಹೆಕ್ಕಿ ತೋರಿಸಿದಾಗ ನಕ್ಕೂ ನಕ್ಕೂ ಸುಸ್ತಾದರು. ಆ ಗದ್ದಲ ಕೇಳಿ, ಬರುವುದಿಲ್ಲ ಎಂದಿದ್ದ ಚನ್ನವೀರಪ್ಪ ಬಾಗಿಲಲ್ಲಿ ಬಂದು ನಿಂತರು. ಎಷ್ಟೋ ಹೊತ್ತು ನೋಡಿ ಮೆಲ್ಲಗೆ ಅಂದರು, "ಹದಿನೆಂಟು ವರ್ಷದಿಂದ ಹನುಮಕ್ಕ ನನ್ನ ಕಣ್ಣ ಮುಂದೆ ಕೂತಾಳೆ ತಂಗಿ. ತೋರಿಸಬೇಕಾದ್ದು ಇದು ಅಂತ ನನಗೂ ಹೊಳೀಲಿಲ್ಲ."

"ನನಗೂ ಹೊಳೀಲಿಲ್ಲ. ನಾನು ಹಿತ್ತಲಿಗೆ ಹೋದೆ. ಒಳಗೆ ಬಂದು ನೋಡಲೇ ಇಲ್ಲ" ಎಂದಳು ದಾಕ್ಷಾಯಿಣಿ.

ಹನುಮಕ್ಕನ ಒಪ್ಪಿಗೆ ಕೇಳಿ, ಅವಳ ಮಾತನ್ನು ಅವಳ ಬಾಯಲ್ಲೇ ಹೇಳಿಸಿ ವಿಡಿಯೋ ಮಾಡಿದರು. ಎತ್ತಿನ ವಿಡಿಯೋ ನೋಡಿದವರ ಹತ್ತರಲ್ಲಿ ಒಂದು ಪಾಲು ಜನವೂ ಇದನ್ನು ನೋಡಲಿಲ್ಲ. ಆದರೆ ನೋಡಿ ಎಣ್ಣೆ ಕೊಂಡವರು ಮತ್ತೆ ಮತ್ತೆ ಕೊಂಡರು. ಬಿಟ್ಟುಹೋದ ಇಬ್ಬರು ಗಿರಾಕಿಗಳು ತಿರುಗಿ ಬರಲಿಲ್ಲ. ವರ್ಷವಿಡೀ ಏಜೆನ್ಸಿ ಏದುಸಿರು ಬಿಟ್ಟುಕೊಂಡೇ ನಡೆಯಿತು. ಆದರೆ ನಿಲ್ಲಲಿಲ್ಲ.

ಒಂದು ದಿನ ದೊಡ್ಡ ಪೀಠೋಪಕರಣದ ಅಂಗಡಿಯವರೊಬ್ಬರು ಬಂದರು. "ನಮ್ಮ ಅಂಗಡಿ ಹೊಗಳಿ ಒಂದು ನೂರು ಜನ ಬರೆದ ಹಾಗೆ ನೀವೇ ಬರೆದು ಹಾಕಬೇಕು" ಅಂದರು.

"ನಿಮ್ಮ ಹತ್ತಿರ ಕೊಂಡವರ ವಿಳಾಸ ಕೊಡಿ. ಅವರ ಮನೆಗೆ ಹೋಗಿ ಕೇಳ್ತೀವಿ. ಅವರು ಏನು ಹೇಳ್ತಾರೋ ಅದನ್ನ ಹಾಕ್ತೀವಿ."

"ಅವರು ಕೆಟ್ಟದ್ದು ಹೇಳಿದ್ರೆ?"

"ಮೊದಲು ಕುರ್ಚಿ ಸರಿಮಾಡೋಣ ಸರ್. ಆಮೇಲೆ ಜಾಹೀರಾತು."

ಅವರು ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿದು ಹೋದರು. ಇಮ್ತಿಯಾಜ್ ದಾಕ್ಷಾಯಿಣಿಯ ಮುಖ ನೋಡಿದ. ಅವಳು ನೋಟ್ ಪುಸ್ತಕ ತೆರೆದು, "ಮುಂದಿನವರು ಯಾರು?" ಎಂದು ಕೇಳಿದಳು.

ನೀತಿ: ಇಲ್ಲದ್ದನ್ನು ತೋರಿಸಿ ಗಳಿಸಿದ ಹೆಸರನ್ನು ಉಳಿಸಿಕೊಳ್ಳಲು ದಿನಕ್ಕೊಂದು ಹೊಸ ಸುಳ್ಳು ಬೇಕಾಗುತ್ತದೆ. ಇದ್ದದ್ದನ್ನೇ ಹುಡುಕಿ ತೋರಿಸುವವನನ್ನು ನೋಡುವವರು ಕಡಿಮೆ ಇರಬಹುದು, ಆದರೆ ನಂಬುವವರು ಅವರೇ. ತಪ್ಪು ಮಾಡಿದ ಬಾಯೇ ಅದನ್ನು ಒಪ್ಪಿಕೊಳ್ಳಬೇಕು; ನಂಬಿಕೆ ಮತ್ತೆ ಚಿಗುರುವುದು ಅಲ್ಲಿಂದಲೇ.