ಮಂಗಳ ಹಾಡದ ಭಾಗವತ

ಬಹಳ ಹಿಂದೆ, ಕಡಲು ಈಗಿನಷ್ಟು ಒಳಗೆ ಬಾರದೆ ನಾಲ್ಕು ಮಾರು ಆಚೆಗೇ ಇದ್ದ ಕಾಲದಲ್ಲಿ, ಅಳಿವೆಕೇರಿ ಅಂತ ಒಂದೂರಿತ್ತು. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು, ನಡುವೆ ಮರಳು. ಆ ಊರಲ್ಲಿ ಜಟ್ಟಪ್ಪ ಅಂತ ಒಬ್ಬ ಭಾಗವತನಿದ್ದ. ಬಯಲಾಟಕ್ಕೆ ಹಾಡುವವನು. ಅವನು ದನಿ ಎತ್ತಿದರೆ ಹೊಳೆಯಾಚೆ ಹಾಲು ಕರೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸುತ್ತಿದ್ದರಂತೆ. ಎಮ್ಮೆಗಳೂ ಕಿವಿ ನಿಮಿರಿಸಿ ಕೇಳುತ್ತಿದ್ದವಂತೆ. ಎಮ್ಮೆಯ ಮಾತನ್ನು ಬೇಕಾದವರು ನಂಬಿ, ಬೇಡವಾದವರು ಬಿಡಿ.

ಜಟ್ಟಪ್ಪನಿಗೆ ಒಬ್ಬಳೇ ತಂಗಿ, ದುರ್ಗಿ. ಅವಳ ಗಂಡ ಬೊಮ್ಮಯ್ಯ ಮಚವೆಯಲ್ಲಿ, ಅಂದರೆ ಆ ಕಾಲದ ದೊಡ್ಡ ಹಾಯಿದೋಣಿಯಲ್ಲಿ, ಉಪ್ಪು ಹೇರಿಕೊಂಡು ಹೋದವನು ತಿರುಗಿ ಬರಲಿಲ್ಲ. ಮಚವೆಯ ಒಂದು ಹಲಗೆಯೂ ತೇಲಿ ಬರಲಿಲ್ಲ. ಸತ್ತ ಅನ್ನಲು ಹೆಣ ಇಲ್ಲ, ಇದ್ದಾನೆ ಅನ್ನಲು ಸುದ್ದಿ ಇಲ್ಲ. ದುರ್ಗಿ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಅಣ್ಣನ ಮನೆಯಲ್ಲಿದ್ದುಕೊಂಡು, ಸಂಜೆಯಾದರೆ ದಂಡೆಗೆ ಹೋಗಿ ನಿಂತು ಬರುತ್ತಿದ್ದಳು.

ಅದೇ ಊರಿಗೆ ಇಟಲಿ ದೇಶದಿಂದ ಒಬ್ಬ ಪಾದ್ರಿ ಬಂದಿದ್ದ. ಹೆಸರು ಪಾವಲೊ; ಊರ ಬಾಯಲ್ಲಿ ಪಾವಲಯ್ಯ. ಇಗರ್ಜಿಯ ಜಗಲಿಯಲ್ಲಿ ಕೂತು ಪಿಟೀಲು ಬಾರಿಸುತ್ತಿದ್ದ. ಜಟ್ಟಪ್ಪನ ಆಟ ಇದೆ ಅಂದರೆ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುತ್ತಿದ್ದ. ನಮ್ಮ ದೇಶದಲ್ಲೂ ಇಂಥ ಆಟ ಉಂಟು, ಆದರೆ ಅದರಲ್ಲಿ ಮಾತೇ ಇಲ್ಲ, ಅತ್ತರೂ ಹಾಡು, ಬೈದರೂ ಹಾಡು, ಬಾಗಿಲು ತೆಗಿ ಅನ್ನುವುದೂ ಹಾಡು ಅಂತ ಅವನು ಹೇಳಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಾತಾಡದಿದ್ದರೆ ನಮ್ಮ ವೇಷದವರಿಗೆ ಉಂಡ ಅನ್ನ ಅರಗುತ್ತದೆಯೇ ಅಂದರಂತೆ.

ಜಟ್ಟಪ್ಪ ನಗಲಿಲ್ಲ. ಪಾದ್ರಿ ಹರೆಯದಿಂದಲೂ ಅಂಥದೊಂದು ಆಟ ಕಟ್ಟುತ್ತಿದ್ದಾನೆ, ಅದು ಇನ್ನೂ ಮುಗಿದಿಲ್ಲ ಅಂತ ಅವನಿಗೆ ತಿಳಿಯಿತು. ಅಲ್ಲಿಂದ ಶುರುವಾಯಿತು ನೋಡಿ ಅವರಿಬ್ಬರ ಕೆಲಸ. ಪಾದ್ರಿ ಪಿಟೀಲಿನಲ್ಲಿ ಒಂದು ಸಾಲು ಬಾರಿಸಬೇಕು. ಜಟ್ಟಪ್ಪ ಅದನ್ನು ಗುನುಗಿ ಗುನುಗಿ ಬಾಯಿಗೆ ಒಗ್ಗಿಸಿಕೊಳ್ಳಬೇಕು, ತಾಳಕ್ಕೆ ಕೂರಿಸಬೇಕು, ಆಮೇಲೆ ಅದಕ್ಕೆ ಕನ್ನಡದ ಪದ ಹೊಸೆಯಬೇಕು. ಪಾದ್ರಿ ತಲೆದೂಗಿದರೆ ಉಳಿಯಿತು, ಮೂಗು ಮುರಿದರೆ ಹೋಯಿತು. ಹೀಗೇ ಎಷ್ಟೋ ಮಳೆಗಾಲ ಕಳೆದವಂತೆ.

ಆಟದ ಕಥೆ ಇಷ್ಟೇ. ಒಬ್ಬಳ ಗಂಡ ಕಡಲಿಗೆ ಹೋಗಿದ್ದಾನೆ. ಅವಳು ದಂಡೆಯಲ್ಲಿ ದೀಪ ಹಚ್ಚಿ ಕಾಯುತ್ತಾಳೆ. ಗಾಳಿಯನ್ನು ಕೇಳುತ್ತಾಳೆ, ಹಕ್ಕಿಯನ್ನು ಕೇಳುತ್ತಾಳೆ, ಕೊನೆಗೆ ಕಡಲನ್ನೇ ಕೇಳುತ್ತಾಳೆ, ಬರುವನೇ ಅಂತ. ಅಲ್ಲಿಗೆ ಪಿಟೀಲು ನಿಂತುಬಿಡುತ್ತಿತ್ತು. ಮುಂದೇನು ಅಂತ ಜಟ್ಟಪ್ಪ ಕೇಳಿದಾಗಲೆಲ್ಲ ಪಾದ್ರಿ ನಾಳೆ ಅನ್ನುತ್ತಿದ್ದ. ಕೊನೆಗೊಮ್ಮೆ ನಾಳೆಯ ಬದಲು ಜ್ವರ ಬಂತು.

ಪಾದ್ರಿ ಹಾಸಿಗೆ ಹಿಡಿದ. ಜಟ್ಟಪ್ಪ ಗಂಜಿ ಒಯ್ದು ಪಕ್ಕದಲ್ಲಿ ಕೂತು, ಗಂಡ ಬರುತ್ತಾನೋ ಇಲ್ಲವೋ, ಅದೊಂದು ಹೇಳಿಬಿಡಿ ಅಂದ. ಪಾದ್ರಿ ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ, "ನನ್ನ ಅಮ್ಮನೂ ದಂಡೆಯಲ್ಲಿ ನಿಂತಿದ್ದಾಳೆ ಜಟ್ಟಪ್ಪ, ನಾನು ಏನಂತ ಬರೆಯಲಿ?" ಅಂದನಂತೆ. ಜ್ವರದ ಬಡಬಡಿಕೆ ಅಂದುಕೊಂಡ ಜಟ್ಟಪ್ಪ. ಆಟವನ್ನು ಜನರ ಮುಂದೆ ಆಡಿಸುತ್ತೇನೆ ಅಂತ ಕೈಮೇಲೆ ಕೈಯಿಟ್ಟು ಮಾತು ಕೊಟ್ಟ. ಮಾರನೆಯ ದಿನ ಇಗರ್ಜಿಯಲ್ಲಿ ಸಾವಿನ ಗಂಟೆ ಹೊಡೆದರು.

ಮಾತು ಕೊಟ್ಟದ್ದಾಯಿತು. ಆದರೆ ಬಯಲಾಟಕ್ಕೊಂದು ಕಟ್ಟುಪಾಡು ಉಂಟಲ್ಲ? ಗಣಪತಿ ಪೂಜೆಯಿಂದ ಶುರುವಾದ ಆಟ ಬೆಳಗಾಗುವಾಗ ಮಂಗಳ ಹಾಡಿಯೇ ಮುಗಿಯಬೇಕು. ಮಂಗಳ ಹಾಡದೆ ರಂಗದ ದೀಪ ಆರಿಸಿದರೆ ಊರಿಗೆ ಕೇಡು. ಗಂಡನೇ ಬಾರದ ಆಟಕ್ಕೆ ಮಂಗಳ ಹಾಡುವುದು ಹೇಗೆ? ಮೇಳದ ಯಜಮಾನ ಸೂರಯ್ಯ ಇಂಥದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಆಸಾಮಿಯಲ್ಲ. ಗಂಡನನ್ನು ಕರೆಸಿದರಾಯಿತು ಅಂದ. ತಲೆಗೆ ಕಿರೀಟ ಇಟ್ಟು, ಚಂಡೆ ಬಾರಿಸಿ, ಗಿರಕಿ ಹೊಡೆಸುತ್ತ ಗಂಡನನ್ನು ರಂಗಕ್ಕೆ ಇಳಿಸಿಯೇಬಿಟ್ಟ. ದೋಣಿಯವನಿಗೆ ಕಿರೀಟ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಜನ ಕುಣಿದಾಡಿದರು. ಜಟ್ಟಪ್ಪನೂ ಮಂಗಳ ಹಾಡಿದ. ಈ ಆಟ ಕೇಳಿದವರ ಮನೆಗೆ ದೂರ ಹೋದವರು ತಿರುಗಿ ಬರಲಿ ಅಂತ ಕೊನೆಗೆ ಹರಸಿದ. ದುರ್ಗಿ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಮಂಗಳದಲ್ಲಿ ಹಾಡಿದ್ದು ಸುಳ್ಳಾಗುವುದಿಲ್ಲ ಅಂತ ಆ ಕಡೆಯವರ ನಂಬಿಕೆ. ದುರ್ಗಿ ಮನೆಗೆ ಬಂದವಳೇ ಅಂಗಳ ಸಾರಿಸಿ ರಂಗೋಲಿ ಹಾಕಿದಳು. ಗಂಡನಿಗೆ ಇಷ್ಟವೆಂದು ಬಂಗಡೆ ಸಾರು ಮಾಡಿ, ಎರಡು ಎಲೆ ಹಾಕಿದಳು. ಮರುದಿನವೂ ಹಾಕಿದಳು. ಮೇಳದವರು ಅದೇ ಆಟವನ್ನು ಊರೂರಿಗೆ ಒಯ್ದು ಹೆಸರು ಗಳಿಸುತ್ತಿದ್ದರೆ, ಇಲ್ಲಿ ದಿನಾ ಎರಡೆಲೆ. ಉಳಿದ ಅನ್ನವನ್ನು ಅವಳು ಕಾಗೆಗೆ ಹಾಕುತ್ತಿರಲಿಲ್ಲ. ಕಾಗೆಗೆ ಇಡುವುದು ಸತ್ತವರ ಹೆಸರಿನಲ್ಲಲ್ಲವೇ? ಹೊಳೆಗೆ ಬಿಟ್ಟು ಬರುತ್ತಿದ್ದಳು. ಮಳೆ ಹಿಡಿಯಿತು, ಕಡಲಿಗೆ ಹೋದ ದೋಣಿಗಳೆಲ್ಲ ದಡ ಸೇರಿದವು. ಆಗ ಒಂದು ದಿನ ಅಣ್ಣನಿಗೆ ಬಡಿಸುತ್ತ ಬಡಿಸುತ್ತ ಕೇಳಿಬಿಟ್ಟಳಂತೆ.

"ಅಣ್ಣಯ್ಯಾ, ಮಂಗಳ ಹಾಡ್ದವ ನೀನೇ ಅಲ್ದಾ? ಮತ್ತೆ ಅವ್ರು ಎಂತಕ್ಕೆ ಬರ್ಲಿಲ್ಲ?"

ಜಟ್ಟಪ್ಪ ಉಣ್ಣುವುದನ್ನು ಅಲ್ಲಿಗೇ ಬಿಟ್ಟ. ಮಳೆಯಲ್ಲೇ ಎದ್ದು ಹೋಗಿ ಪಾದ್ರಿ ಕೂರುತ್ತಿದ್ದ ಜಗಲಿಯಲ್ಲಿ ಕೂತ. ಬಂದ ಅಂತ ಹಾಡಿದ್ದಕ್ಕೆ ಈ ಪಾಡು. ಸತ್ತ ಅಂತ ಹಾಡಿದರೆ ತಂಗಿಯ ಕುಂಕುಮವನ್ನು ತಾನೇ ಅಳಿಸಿದ ಹಾಗೆ. ಪಾದ್ರಿಯ ಆಟವನ್ನು ಮೊದಲಿನಿಂದ ಒಬ್ಬನೇ ಹಾಡಿಕೊಂಡ. ಸೂರಯ್ಯ ಸೇರಿಸಿದ್ದನ್ನೆಲ್ಲ ಬಿಟ್ಟು ಹಾಡಿಕೊಂಡ. ಬರುವನೇ ಅನ್ನುವಲ್ಲಿಗೆ ಬಂದು ನಿಂತಾಗ ಅವನಿಗೆ ಹೊಳೆಯಿತಂತೆ, ಸಾವು ಬಂದು ಪಾದ್ರಿಯ ಕೈ ತಡೆದದ್ದಲ್ಲ ಅಂತ. ಆಟದಲ್ಲಿ ಕಾಯುತ್ತಿದ್ದವಳು ಇಟಲಿಯ ದಂಡೆಯಲ್ಲಿ ಮಗನ ದಾರಿ ನೋಡುತ್ತಿದ್ದ ಅವನ ಅಮ್ಮನೇ. ತಿರುಗಿ ಬಂದೆ ಅಂತ ಬರೆದರೆ ಅಮ್ಮನಿಗೆ ಸುಳ್ಳು ಹೇಳಿದ ಹಾಗೆ. ಬರುವುದಿಲ್ಲ ಅಂತ ಬರೆದರೆ ಅವಳನ್ನು ಕೊಂದ ಹಾಗೆ. ಪಾಪ, ಆ ಮನುಷ್ಯ ಅಷ್ಟು ವರ್ಷ ನಾಳೆ ನಾಳೆ ಅಂದದ್ದು ಅದಕ್ಕೇ. ಜಟ್ಟಪ್ಪ ಅಲ್ಲೇ ಕೂತು ಗಳಗಳ ಅತ್ತ.

ಮಳೆ ಬಿಟ್ಟ ಮೇಲೆ ಅವನು ಆಟವನ್ನು ಹೊಸದಾಗಿ ಕಟ್ಟಿದ. ಕಿರೀಟ ತೆಗೆದ, ಗಿರಕಿ ತೆಗೆದ, ವೇಷದವರು ತುರುಕಿದ್ದ ಮಾತುಗಳನ್ನೆಲ್ಲ ತೆಗೆದ. ಪಾದ್ರಿ ತಲೆದೂಗಿದ್ದಷ್ಟನ್ನೇ ಉಳಿಸಿಕೊಂಡ. ಸೂರಯ್ಯ ಸಿಟ್ಟಿನಿಂದ ಹಾರಾಡಿ, ಮಂಗಳ ಇಲ್ಲದ ಆಟದ ದೀಪ ಯಾರು ಆರಿಸ್ತಾರೆ ಅಂತ ಕೇಳಿದನಂತೆ. "ಆರ್ಸೂದೇ ಬ್ಯಾಡ" ಅಂದ ಜಟ್ಟಪ್ಪ. ಮೇಳ ಅವನನ್ನು ಬಿಟ್ಟಿತು. ಅವನು ಊರವರನ್ನೇ ಕಟ್ಟಿಕೊಂಡು, ಕಡಲಿಗೆ ಮುಖ ಮಾಡಿ, ಮರಳಿನ ಮೇಲೆ ರಂಗ ಹಾಕಿದ.

ಆ ಆಟ ನೋಡಿದವರು ಸಾಯುವವರೆಗೆ ಅದನ್ನೇ ಹೇಳುತ್ತಿದ್ದರಂತೆ. ಮೂಡಲು ಬೆಳ್ಳಗಾಗುವ ಹೊತ್ತಿಗೆ ಜಟ್ಟಪ್ಪ ಬರುವನೇ ಅಂತ ಹಾಡಿದ, ಹಾಡಿ ಜಾಗಟೆಯನ್ನು ಮರಳಿನ ಮೇಲೆ ಕವುಚಿ ಹಾಕಿದ. ಜನ ಮಂಗಳಕ್ಕೆ ಕಾದರು. ಮಂಗಳ ಬರಲಿಲ್ಲ. ಕಡಲಿನ ಸದ್ದು ಒಂದೇ ಇತ್ತು. ಆಗ ದುರ್ಗಿ ಎದ್ದಳು. ಕಾಯಿ ತುರಿದ ಒಂದು ತೆಂಗಿನ ಗೆರಟೆಗೆ ಎಣ್ಣೆ ಬಿಟ್ಟು, ರಂಗದ ದೀಪದಿಂದ ಬತ್ತಿ ಹಚ್ಚಿಕೊಂಡು ದಂಡೆಗೆ ಇಳಿದಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು, ಆಮೇಲೆ ಒಬ್ಬ ಮುದುಕ ಎದ್ದ. ಕಡಲು ಯಾರ ಮನೆಯವರನ್ನು ತಾನೇ ಬಿಟ್ಟಿದೆ? ದಂಡೆಯುದ್ದಕ್ಕೂ ಗೆರಟೆ ದೀಪ. ಜಟ್ಟಪ್ಪ ಕೈಮುಗಿದು, ತಿರುಗಿ ಬಂದವರಿಗೆ ಬಂದ ದಿನ ಇದೇ ಮರಳಿನ ಮೇಲೆ ಮಂಗಳ ಹಾಡುತ್ತೇನೆ ಅಂದ. ಅಂದ ಹಾಗೇ ನಡೆದುಕೊಂಡ. ಯಾವ ದೋಣಿ ಬಂದರೂ ಓಡಿ ಹೋಗಿ ಮೊಣಕಾಲು ನೀರಿನಲ್ಲಿ ನಿಂತು ಹಾಡುತ್ತಿದ್ದನಂತೆ.

ದುರ್ಗಿ ಅಂದಿನಿಂದ ಎರಡನೆಯ ಎಲೆ ಹಾಕಲಿಲ್ಲ. ಕುಂಕುಮ ಮಾತ್ರ ಬಿಡಲಿಲ್ಲ. ಮುದುಕಿಯಾಗಿ, ಬಳೆ ಹಾಕಿಕೊಂಡೇ ಹೋದಳು. ಅವಳನ್ನು ಸುಟ್ಟು ಬಂದ ದಿನ ಊರವರು ಜಟ್ಟಪ್ಪನಿಗೆ, ಇನ್ನಾದರೂ ಮಂಗಳ ಹಾಡು, ಆಟ ಮುಗಿಯಿತಲ್ಲ ಅಂದರು.

"ಕಾದವ್ಳು ಹೋದ್ಲು," ಅಂದನಂತೆ ಜಟ್ಟಪ್ಪ. "ಬರೂವವ ಇನ್ನೂ ಬರ್ಲಿಲ್ಲ ಅಲ್ದಾ?"

ಈಗಲೂ ಮಳೆಗಾಲ ಕಳೆದ ಮೇಲೆ ಅಳಿವೆಕೇರಿಯವರು ಆ ಆಟ ಆಡುತ್ತಾರೆ. ಬರುವನೇ ಅಂತ ಹಾಡಿ ಭಾಗವತ ಜಾಗಟೆ ಕವುಚಿ ಹಾಕುತ್ತಾನೆ. ಜನ ಗೆರಟೆ ದೀಪ ಹಿಡಿದು ದಂಡೆಗೆ ಇಳಿಯುತ್ತಾರೆ. ಮೊದಲನೆಯದು ಬೊಮ್ಮಯ್ಯನಿಗೆ, ಎರಡನೆಯದು ಎಲ್ಲಿಯದೋ ದಂಡೆಯಲ್ಲಿ ನಿಂತ ಪಾದ್ರಿಯ ತಾಯಿಗೆ. ಕಡಲಿಂದ ಯಾರು ಬಂದರೂ ಮರಳಿನ ಮೇಲೆ ನಿಲ್ಲಿಸಿ ಮಂಗಳ ಹಾಡಿಯೇ ಮನೆಗೆ ಕರೆದೊಯ್ಯುತ್ತಾರೆ. ಬೊಮ್ಮಯ್ಯನ ಪಾಲಿನ ಮಂಗಳವನ್ನು ಮಾತ್ರ ಇನ್ನೂ ಯಾರೂ ಹಾಡಿಲ್ಲ.