ಗೇಣುದ್ದ ತುದಿ

"ಅಯ್ಯನವರ, ಒಮ್ಮೆ ದೀಕ್ಷಾಸ್ನಾನ ಆದವರು ಇನ್ನೊಮ್ಮೆ ಮಾಡಿಸಿಕೊಳ್ಳಬಹುದೇನ್ರಿ?"

ಕೇಳಿದವಳು ತಬಿಥಾ, ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸುವವಳು. ಅವಳ ವಿಚ್ಛೇದನವಾಗಿ ಒಂದು ವರ್ಷ ಕಳೆದಿತ್ತು. ಅಬ್ನೇರ ಅಯ್ಯನವರು ಚರ್ಚಿನ ಸಭಾಪಾಲನೆಯಿಂದ ನಿವೃತ್ತರಾದವರು, ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ, ಮೊದಲು ಆದದ್ದಕ್ಕೆ ಏನು ಕಡಿಮೆಯಾಯಿತು ಎಂದು ಕೇಳಿದರು.

ತಬಿಥಾ ಹೇಳಿಕೊಂಡಳು. ಬದುಕನ್ನು ಹೊಸದಾಗಿ ಶುರು ಮಾಡಬೇಕು, ಹಳೆಯದರ ನೆರಳೂ ಬೀಳಬಾರದು ಎಂದು ಅವಳು ನಿಶ್ಚಯಿಸಿದ್ದಳು. ಮದುವೆಯ ಸೀರೆಗಳನ್ನು ಕೊಟ್ಟುಬಿಟ್ಟಳು. ಬಾಡಿಗೆ ಮನೆ ಬದಲಾಯಿಸಿದಳು. ಗಂಡನೊಂದಿಗೆ ನಿಂತು ಹಾಡುತ್ತಿದ್ದ ಗಾಯನ ಮಂಡಳಿಯನ್ನು ಬಿಟ್ಟಳು, ಅವನೊಂದಿಗೆ ಮಾಡುತ್ತಿದ್ದ ಸಂಜೆಯ ಪ್ರಾರ್ಥನೆಯನ್ನೂ ಬಿಟ್ಟಳು. ಅವನಿಗೆ ಇಷ್ಟವೆಂಬ ಕಾರಣಕ್ಕೆ ಒಗ್ಗರಣೆಗೆ ಬೆಳ್ಳುಳ್ಳಿ ಹಾಕುವುದನ್ನೂ ನಿಲ್ಲಿಸಿದ್ದಳು. ಉಳಿದದ್ದು ಕರ್ತನಾದ ದೇವರೊಬ್ಬನೇ. ಆದರೆ ಆತನ ಮುಂದೆ ಕಣ್ಣು ಮುಚ್ಚಿದರೆ ಬಿಟ್ಟದ್ದೆಲ್ಲ ಸಾಲಾಗಿ ಬಂದು ಕೂರುತ್ತಿತ್ತು. ಅದಕ್ಕೆಂದೇ ಊರಾಚೆಯ ಇನ್ನೊಂದು ಸಭೆಗೆ ಹೋಗಿ, ಬರುವ ಭಾನುವಾರ ತೊಟ್ಟಿಯಲ್ಲಿ ಮುಳುಗಿ ಹೊಸದಾಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತೇನೆಂದು ಹೆಸರು ಕೊಟ್ಟು ಬಂದಿದ್ದಳು. ಬಂದ ಮೇಲೆ ನಿದ್ದೆ ಹತ್ತಿರಲಿಲ್ಲ. ಮುಳುಗಿದರೆ ಕೂಸಿದ್ದಾಗ ಆದ ದೀಕ್ಷಾಸ್ನಾನವೂ ಇಷ್ಟು ವರ್ಷ ನಂಬಿ ಬಂದದ್ದೂ ಸುಳ್ಳಾಗುತ್ತದೆ. ಮುಳುಗದಿದ್ದರೆ ಮುಂದಿನ ಬದುಕನ್ನು ಎಲ್ಲಿಂದ ಹಿಡಿಯುವುದು ತಿಳಿಯದು.

"ಬೆಳ್ಳುಳ್ಳಿ ಬಿಡಬಾರದಾಗಿತ್ತು," ಎಂದರು ಅಯ್ಯನವರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಕೈ ಒಳ್ಳೆಯದು, ಸಿಟ್ಟು ಮೂಗಿನ ತುದಿಯಲ್ಲಿ. ಒಮ್ಮೆ ಅವನು ಮನಸ್ಸಿಟ್ಟು ಒಂದು ಸೀರೆಗೆ ಕೂತ. ಇಂಥದ್ದು ಓಣಿಯಲ್ಲಿ ಯಾರ ಮಗ್ಗದಿಂದಲೂ ಇಳಿದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅರ್ಧಕ್ಕೂ ಹೆಚ್ಚು ನೇಯ್ದ ಮೇಲೆ ನೋಡಿದರೆ, ಸುತ್ತಿಟ್ಟ ಭಾಗವನ್ನು ಇಲಿ ಒಳಗಿಂದೊಳಗೇ ಕಡಿದಿತ್ತು. ಬಿಚ್ಚಿದಷ್ಟೂ ತೂತು.

ನೇಕಾರ ಊಟ ಬಿಟ್ಟು ಮಲಗಿದ. ಆಮೇಲೆ ಎದ್ದು ಕತ್ತರಿ ಕೈಗೆ ತೆಗೆದುಕೊಂಡ.

ನೇಕಾರರಲ್ಲಿ ಒಂದು ಪದ್ಧತಿ ಇದೆ. ಸೀರೆ ಮುಗಿದಿರಲಿ, ಕೆಟ್ಟಿರಲಿ, ಬಟ್ಟೆಯನ್ನು ಮಾತ್ರ ಕೊಯ್ದು ತೆಗೆಯುತ್ತಾರೆ. ಎಳೆಗಳನ್ನು ಸಾಲಾಗಿ ಹಿಡಿಯುವ ಬಾಚಣಿಗೆಯಂಥ ಹಣಿಗೆ ಮಗ್ಗದಲ್ಲಿರುತ್ತದೆ, ಅದರ ಸಂದುಗಳಲ್ಲಿ ಹಾದು ನಿಂತ ಎಳೆಗಳನ್ನು ಕೀಳುವುದಿಲ್ಲ. ಗೇಣುದ್ದ ತುದಿ ಬಿಡುತ್ತಾರೆ. ಹೊಸ ಹಾಸು, ಅಂದರೆ ಮುಂದಿನ ಸೀರೆಯ ಉದ್ದನೆಯ ಎಳೆಗಳ ಕಟ್ಟು ಬಂದಾಗ, ಅದರ ಒಂದೊಂದು ಎಳೆಯನ್ನೂ ಆ ಹಳೆಯ ತುದಿಗಳಿಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಇದಕ್ಕೆ ಕೆಚ್ಚುವುದು ಎಂದು ಹೆಸರು. ಹಾಗೆ ಕೂಡಿಸಿ ಹಳೆಯದನ್ನು ಎಳೆದರೆ, ಹೊಸದು ತಾನಾಗಿ ಹಣಿಗೆಯೊಳಗೆ ಬಂದು ನಿಲ್ಲುತ್ತದೆ.

ನೇಕಾರನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ಸೀರೆಯ ಒಂದೆಳೆಯೂ ಇನ್ನು ಕಣ್ಣಿಗೆ ಬೀಳಬಾರದೆಂದು ಅವನ ಹಟ. ಬಟ್ಟೆ ಕೊಯ್ದ, ತುದಿಗಳನ್ನೂ ಹಿರಿದ, ಎಲ್ಲವನ್ನೂ ಒಲೆಗೆ ಹಾಕಿದ. ಮಗ್ಗ ಒರೆಸಿದ. ಗೋಡೆಗೆ ಸುಣ್ಣ ಬಳಿದ. ಒಂದು ಬೆಕ್ಕನ್ನೂ ತಂದ. ಮದುವೆಯಾಗಿ ಬಂದಾಗಿನಿಂದ ಅವನ ಹೆಂಡತಿ ಮನೆ ಇಷ್ಟು ಚೊಕ್ಕಟವಾದದ್ದನ್ನು ಕಂಡಿರಲಿಲ್ಲ. ವರ್ಷಕ್ಕೊಮ್ಮೆ ಆ ಇಲಿಯನ್ನು ಊಟಕ್ಕೆ ಕರೆಯೋಣ ಎಂದು ನೆರೆಯವರ ಮುಂದೆ ಹೇಳಿ ನಕ್ಕಳು.

ಹೊಸ ಹಾಸು ಬಂತು. ಕೆಚ್ಚಲೆಂದು ಓಣಿಯ ಮುದುಕಿಯೊಬ್ಬಳು ಬೂದಿಯ ಬಟ್ಟಲು ಹಿಡಿದು ಬಂದಳು. ಮಗ್ಗದ ಮುಂದೆ ಕೂತು ಕೈಯಾಡಿಸಿದಳು. ಹಣಿಗೆ ಬರಿದಾಗಿತ್ತು.

"ಎಳಿ ಎಲ್ಲಿ ಅದಾವೋ?"

"ಸುಟ್ಟೆ, ಯವ್ವಾ. ಸೀರಿ ಕೆಟ್ಟಿತ್ತಲ್ಲ."

"ಸೀರಿ ಇಲಿ ತಿಂತು, ಖರೆ. ಎಳಿ ನೀ ಯಾಕ ತಿಂದಿ?"

ಈ ಹಣಿಗೆಗೆ ಎಳೆ ತುಂಬಿದವರು ಅವನ ತಂದೆ ತಾಯಿ ಎಂದು ಮುದುಕಿ ನೆನಪು ಮಾಡಿದಳು. ಅಂದಿನಿಂದ ಬಂದ ಪ್ರತಿ ಸೀರೆಯೂ ಹಿಂದಿನದರ ತುದಿ ಹಿಡಿದೇ ಒಳಗೆ ಬಂದಿತ್ತು. ಆ ಸಾಲಿನಲ್ಲಿ ಬಣ್ಣ ಬಿಟ್ಟ ಸೀರೆಯಿತ್ತು, ಅಂಚು ಸೊಟ್ಟಾದ ಸೀರೆಯಿತ್ತು, ಕೊಳ್ಳುವವರಿಲ್ಲದೆ ಮನೆಯಲ್ಲೇ ಕೌದಿಯಾದ ಸೀರೆಯೂ ಇತ್ತು. ಅವುಗಳ ಕೊರತೆ ಮುಂದಿನ ಸೀರೆಗೆ ಹತ್ತಿರಲಿಲ್ಲ. ಹತ್ತಿದ್ದು ಎಳೆ ಮಾತ್ರ.

ಬಯ್ದು ಮುಗಿದ ಮೇಲೆ ಮುದುಕಿ ಎದ್ದು ಹೋಗಲಿಲ್ಲ. ಬಟ್ಟಲು ಬದಿಗಿಟ್ಟು ಹಣಿಗೆಯ ಆಚೆ ಕೂತಳು, ಅವನು ಈಚೆ ಕೂತ. ಅವಳು ಎಳೆ ಕೊಡುವುದು, ಅವನು ಸಂದಿನಿಂದ ಎಳೆದುಕೊಳ್ಳುವುದು. ಒಂದು ಸಂದು ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ಬಿಚ್ಚಿ ಮತ್ತೆ ಮೊದಲಿಂದ. ತಪ್ಪಿದಾಗಲೆಲ್ಲ ಮುದುಕಿ ಇಲಿಯ ಕ್ಷೇಮ ವಿಚಾರಿಸಿದಳು. ಬೆಕ್ಕು ಹೊಸ ಹಾಸಿನ ಮೇಲೆಯೇ ಜಾಗ ನೋಡಿಕೊಂಡು ಮಲಗಿತು. ನೇಕಾರನ ಸಿಟ್ಟು ಯಾವ ಹೊತ್ತಿಗೆ ಇಳಿಯಿತೋ ಅವನಿಗೇ ತಿಳಿಯಲಿಲ್ಲ, ಮಗ್ಗ ಸದ್ದು ಮಾಡಿದಾಗ ಅವನು ನಗುತ್ತಿದ್ದ. ಆ ಸೀರೆ ಚೆನ್ನಾಗಿಯೇ ಬಂತು. ಅದನ್ನು ಕೊಯ್ದ ದಿನ ಅವನು ಗೇಣುದ್ದದ ಬದಲು ಮೊಳದುದ್ದ ತುದಿ ಬಿಟ್ಟ. ಓಣಿಯವರು ನಕ್ಕರು. ಅವನು ಕಡಿಮೆ ಮಾಡಲಿಲ್ಲ.

ಕತೆ ಮುಗಿಯಿತು. ಬೆಕ್ಕಿನ ಮಾತಿಗೆ ಬಂದ ನಗು ತಬಿಥಾಳ ಮುಖದಲ್ಲಿ ಇನ್ನೂ ಇತ್ತು. ಮರುಕ್ಷಣ ಅವಳಿಗೆ ತನ್ನ ಮನೆ ನೆನಪಾಯಿತು. ತಾನೂ ಸುಣ್ಣ ಬಳಿದದ್ದಾಗಿದೆ, ಒಲೆಗೆ ಹಾಕಿದ್ದಾಗಿದೆ. ಪ್ರಾರ್ಥನೆಯನ್ನು ಕೂಡ ತನ್ನ ಕೈಯಾರೆ ಹಿರಿದು ತೆಗೆದವಳು ತಾನು.

"ನಾನೂ ಎಲ್ಲಾ ಕಿತ್ತು ಹಾಕೇನ್ರಿ, ಅಯ್ಯನವರ. ಹೊಸದನ್ನ ಕೂಡಸಾಕ ನನ್ನ ಹಂತ್ಯಾಕ ಯಾವ ತುದಿ ಉಳದೈತಿ?"

ಅಯ್ಯನವರು ಅವಳನ್ನು ನೋಡಿದರು.

"ನೀ ಕೂಸಿದ್ದಾಗ ನಿನ್ನ ತಲಿ ಮ್ಯಾಲೆ ನಾ ಹಾಕಿದ ನೀರು ಇನ್ನೂ ಆರಿಲ್ಲ, ತಂಗಿ."